ಕಾದಂಬರಿಗೊಂದು ಅನಿಮೇಟೆಡ್ ಟೈಟಲ್: ‘ಕರ್ವಾಲೋ’ ಇಟ್ಟುಕೊಂಡು ಒಂದು ಪೂರ್ತಿ ಯೋಜನೆ

ಕಾದಂಬರಿ ಆಧರಿಸಿದ ಸಿನಿಮಾಗೋ ವೆಬ್ ಸರಣಿಗೋ ಟೈಟಲ್ (ಶುರುವಿನಲ್ಲಿ ಹೆಸರುಗಳು ಬರುವ ತುಣುಕು) ಮಾಡಿಕೊಡಿ ಅಂತ ಕೇಳಿದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಒಂದೇ ಕೆಲಸ ಮಾಡುತ್ತೇವೆ. ಇಡೀ ಕಥೆಯನ್ನು ಹತ್ತು ಚಿತ್ರಗಳಲ್ಲಿ ಹೇಳಲು ಹೊರಡುತ್ತೇವೆ. ನಾಯಕನ ಮುಖ, ಅವನ ಮನೆ, ಒಂದು ಜಗಳ, ಒಂದು ಮಳೆ. ಅದರ ಮೇಲೆ ಹೆಸರುಗಳು. ಹೀಗೆ ಮಾಡಿದ ಟೈಟಲ್ ಟ್ರೇಲರ್‌ನ ಹಾಗೆ ಕಾಣುತ್ತದೆ. ಓದಿದವರಿಗೆ ಬೇಸರ, ಓದದವರಿಗೆ ಗೊಂದಲ.

ಟೈಟಲ್‌ನ ಕೆಲಸ ಕಥೆ ಹೇಳುವುದಲ್ಲ. ಕಾದಂಬರಿಯೊಳಗೆ ಎಲ್ಲೋ ಒಂದು ಚಲನೆ ಇರುತ್ತದೆ. ಬೀಳುವುದು, ಸುತ್ತುವುದು, ಕಾಯುವುದು, ಜಾರುವುದು, ಏನೋ ಒಂದು. ಅದನ್ನು ಹುಡುಕಿ ತೆಗೆದು ಒಂದು ನಿಮಿಷ ಅದರ ಜೊತೆ ಇರುವುದಷ್ಟೇ ನಮ್ಮ ಕೆಲಸ. ಇದನ್ನು ಹೇಗೆ ಮಾಡುವುದು ಅಂತ ಒಂದು ನಿಜವಾದ ಕಾದಂಬರಿ ಇಟ್ಟುಕೊಂಡೇ ತೋರಿಸುತ್ತೇನೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’, 1980ರಲ್ಲಿ ಬಂದದ್ದು. ವಿಜ್ಞಾನಿ ಕರ್ವಾಲೋ, ಹಳ್ಳಿಯ ಮಂದಣ್ಣ ಮತ್ತು ಜೊತೆಯವರು ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಕಥೆ. ಅದನ್ನು ಆಧರಿಸಿದ ಸಿನಿಮಾ ಒಂದಕ್ಕೆ ನಾವು ಅರವತ್ತು ಸೆಕೆಂಡಿನ ಟೈಟಲ್ ಮಾಡುತ್ತಿದ್ದೇವೆ ಅಂತ ಅಂದುಕೊಳ್ಳೋಣ. ಓದಿಲ್ಲದವರು ಮೊದಲು ಓದಿ ಬನ್ನಿ. ಮುಂದೆ ಅದರ ಕೊನೆಯ ಮಾತು ಬರುತ್ತದೆ, ಓದುವ ಖುಷಿ ನನ್ನಿಂದ ಹಾಳಾಗುವುದು ಬೇಡ.

ಮೊದಲು ಹಕ್ಕಿನ ಮಾತು

ಇದನ್ನು ಎಲ್ಲರೂ ಕೊನೆಗೆ ಇಟ್ಟುಕೊಳ್ಳುತ್ತಾರೆ, ಆಮೇಲೆ ಪೇಚಾಡುತ್ತಾರೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ತೇಜಸ್ವಿಯವರು ತೀರಿಕೊಂಡದ್ದು 2007ರಲ್ಲಿ. ಅಂದರೆ 2067ರ ಕೊನೆಯವರೆಗೆ ಹಕ್ಕು ಅವರ ವಾರಸುದಾರರದ್ದು. ಕಲಿಯಲು ನಿಮ್ಮ ಮೇಜಿನ ಮೇಲೆ ಮಾಡಿಕೊಳ್ಳುವ ಅಭ್ಯಾಸ ಬೇರೆ. ಅದನ್ನು ಸಾರ್ವಜನಿಕವಾಗಿ ಹಾಕುತ್ತೀರಿ, ಸ್ಪರ್ಧೆಗೆ ಕಳಿಸುತ್ತೀರಿ, ದುಡ್ಡಿಗೆ ಮಾಡುತ್ತೀರಿ ಅಂದರೆ ಬರಹದಲ್ಲಿ ಅನುಮತಿ ಬೇಕು. ಬೇರೆಯವರ ಸಿನಿಮಾಗೆ ಮಾಡುವುದಾದರೆ, ಕಾದಂಬರಿಯ ಚಿತ್ರಹಕ್ಕು ಪಡೆದ ಪತ್ರ ಇದೆಯಾ ಅಂತ ನಿರ್ಮಾಪಕರನ್ನು ಕೇಳಿ. ಕೇಳಲು ಸಂಕೋಚ ಬೇಡ.

ಯಾರ ಅನುಮತಿಯೂ ಬೇಡದ ಕಾದಂಬರಿ ಬೇಕು ಅನ್ನುವವರು ಹಳೆಯದಕ್ಕೆ ಹೋಗಿ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಇದೆ, 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು. ಹಳೆಯ ಅಚ್ಚುಮೊಳೆ, ಶಾಯಿ, ಹಂಚಿನ ಮಾಡು. ಟೈಟಲ್ ಮಾಡುವವರಿಗೆ ಅದರಲ್ಲಿ ಬೇಕಾದಷ್ಟು ಸಿಗುತ್ತದೆ.

ಮೂರು ಸಲ ಓದಿ, ಮೂರು ಥರ ಓದಿ

ಮೊದಲ ಸಲ ಪೆನ್ಸಿಲ್ ಮುಟ್ಟಬೇಡಿ. ಸುಮ್ನೆ ಓದುಗರಾಗಿ ಓದಿ. ಮುಗಿಸಿದ ಮಾರನೇ ದಿನ, ಪುಸ್ತಕ ತೆರೆಯದೆ, ತಲೆಯಲ್ಲಿ ಉಳಿದ ಐದು ಸಂಗತಿ ಬರೆದಿಡಿ. ಈ ಐದು ಬಹಳ ಮುಖ್ಯ. ಚಿತ್ರ ನೋಡಿದವರ ತಲೆಯಲ್ಲೂ ಹೆಚ್ಚು ಕಡಿಮೆ ಇಂಥವೇ ಉಳಿಯುವುದು.

ಎರಡನೇ ಸಲ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ: ವಸ್ತು, ಚಲನೆ, ಸದ್ದು. ಪಕ್ಕದಲ್ಲಿ ಪುಟಸಂಖ್ಯೆ. ಪಾತ್ರಗಳ ಭಾವನೆ, ಕಥೆಯ ತಿರುವು ಯಾವುದನ್ನೂ ಬರೆಯಬೇಡಿ. ‘ಕರ್ವಾಲೋ’ದಲ್ಲಿ ವಸ್ತುವಿನ ಕಾಲಂ ಬೇಗ ತುಂಬುತ್ತದೆ. ಜೇನು, ಜೇನುಪೆಟ್ಟಿಗೆ, ಹುಳುಗಳು, ಪ್ರಭಾಕರನ ಕ್ಯಾಮೆರಾ, ಕಿವಿ ಅನ್ನುವ ನಾಯಿ. ಚಲನೆಯ ಕಾಲಂ ನಿಧಾನ. ಮಂದಣ್ಣ ಜೇನಿನ ಹಿಂದೆ ಹೋಗುವುದು, ಕರಿಯಪ್ಪ ಮರ ಹತ್ತುವುದು, ನಾಯಿ ಮೂಸುತ್ತ ಓಡುವುದು, ಕೊನೆಗೆ ಹಾರುವ ಓತಿ ಕಣಿವೆಯ ಕಡೆ ತೇಲಿಹೋಗುವುದು. ಮೂರನೆಯದು ಹೆಚ್ಚಿನ ಪುಸ್ತಕಗಳಲ್ಲಿ ಖಾಲಿ ಉಳಿಯುತ್ತದೆ. ಅದನ್ನು ಊರಿಗೆ ಹೋಗಿ ತುಂಬಬೇಕು.

ಮೂರನೇ ಸಲ ಬೆಳಕಿಗಾಗಿ ಮಾತ್ರ ಓದಿ. ಯಾವ ಹೊತ್ತು, ಯಾವ ಕಾಲ, ಮಂಜೋ ಬಿಸಿಲೋ. ಬಣ್ಣದ ತೀರ್ಮಾನ ಇಲ್ಲಿಂದ ಬರುತ್ತದೆ.

ಒಂದು ಸಾಲು

ಈಗ ಕಷ್ಟದ ಕೆಲಸ. ಎಲ್ಲ ಟಿಪ್ಪಣಿಯನ್ನೂ ಒಂದು ಸಾಲಿಗೆ ಇಳಿಸಬೇಕು. ಆ ಸಾಲಿನಲ್ಲಿ ಒಂದು ಕ್ರಿಯಾಪದ ಇರಲೇಬೇಕು. ‘ಮನುಷ್ಯ ಮತ್ತು ಪ್ರಕೃತಿಯ ಸಂಬಂಧ’ ಅಂತ ಬರೆದರೆ ಅದನ್ನು ಅನಿಮೇಟ್ ಮಾಡಲು ಬರುವುದಿಲ್ಲ. ಅದು ಪರೀಕ್ಷೆಗೆ ಬರೆಯುವ ಉತ್ತರ.

ಇದಕ್ಕೆ ಹಳೆಯ ಒಂದು ಉದಾಹರಣೆ ನೋಡಿ. ನೆಲ್ಸನ್ ಆಲ್ಗ್ರೆನ್ 1949ರಲ್ಲಿ ಬರೆದ ‘ದ ಮ್ಯಾನ್ ವಿತ್ ದ ಗೋಲ್ಡನ್ ಆರ್ಮ್’ ಕಾದಂಬರಿ 1955ರಲ್ಲಿ ಸಿನಿಮಾ ಆಯಿತು. ಮಾದಕವಸ್ತುವಿನ ಚಟಕ್ಕೆ ಬಿದ್ದವನ ಕಥೆ. ಟೈಟಲ್ ಮಾಡಿದ್ದು ಸಾಲ್ ಬಾಸ್. ಅದರಲ್ಲಿ ನಾಯಕನ ಮುಖ ಇಲ್ಲ, ಸೂಜಿ ಇಲ್ಲ, ಶಿಕಾಗೋ ಊರೂ ಇಲ್ಲ. ಕಪ್ಪು ತೆರೆ. ಬಿಳಿ ಪಟ್ಟಿಗಳು ಒಂದೊಂದಾಗಿ ನುಗ್ಗಿ ಬರುತ್ತವೆ. ಎಲ್ಮರ್ ಬರ್ನ್‌ಸ್ಟೈನ್ ಅವರ ಜಾಜ್ ಹಿಂದಿನಿಂದ ತಳ್ಳುತ್ತದೆ. ಕೊನೆಗೆ ಆ ಪಟ್ಟಿಗಳೇ ಸೊಟ್ಟಗಾದ, ಸೆಟೆದ ಒಂದು ತೋಳು ಆಗುತ್ತವೆ. ಆ ತೋಳಿನಲ್ಲಿ ಇಡೀ ಕಾದಂಬರಿ ಇದೆ. ಕಥೆ ಮಾತ್ರ ಒಂದಕ್ಷರವೂ ಇಲ್ಲ.

ನಮ್ಮ ಹತ್ತಿರದ ಉದಾಹರಣೆ ಬೇಕು ಅಂದರೆ ‘ಮಾಲ್ಗುಡಿ ಡೇಸ್’. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ಸರಣಿ. ಅದರ ಶುರುವಿಗೆ ಬರುವ ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು, ಎಲ್. ವೈದ್ಯನಾಥನ್ ಅವರ ರಾಗ. ಎರಡು ಸ್ವರ ಕೇಳಿದರೆ ಸಾಕು, ನಮ್ಮ ಮನೆಗಳಲ್ಲಿ ಅಡುಗೆಮನೆಯಿಂದಲೂ ಜನ ಹೊರಗೆ ಬರುತ್ತಿದ್ದರು. ಕಥೆ ಬರೆದ ಅಣ್ಣ ಆರ್.ಕೆ. ನಾರಾಯಣ್ ಅವರ ಊರನ್ನು ತಮ್ಮನ ಗೆರೆಯಲ್ಲಿ ನೋಡುವ ಸುಖ ಅದು. ಅಲ್ಲೂ ಕಥೆ ಹೇಳುವ ಆತುರ ಇಲ್ಲ.

‘ಕರ್ವಾಲೋ’ಗೆ ನಾನು ಬರೆದುಕೊಂಡ ಸಾಲು ಇದು: ನೋಡುತ್ತಿದ್ದ ಹಾಗೇ ಕೈತಪ್ಪಿ ತೇಲಿಹೋಗುತ್ತದೆ. ಕ್ರಿಯಾಪದ ಇದೆ, ಚಲನೆ ಇದೆ. ಜೇನಿನ ಹನಿಗೂ ಇದು ಹೊಂದುತ್ತದೆ, ಓತಿಗೂ ಹೊಂದುತ್ತದೆ. ಮುಂದೆ ಬರುವ ಪ್ರತಿ ಐಡಿಯಾವನ್ನೂ ಈ ಸಾಲಿನ ಪಕ್ಕ ಇಟ್ಟು ನೋಡಿ. ಹೊಂದದಿದ್ದರೆ ಎಷ್ಟೇ ಚೆನ್ನಾಗಿದ್ದರೂ ಬಿಡಿ. ವಿಜ್ಞಾನಿಯ ಕನ್ನಡಕದಲ್ಲಿ ಕಾಡು ಪ್ರತಿಫಲಿಸುವ ಚಿತ್ರ ನನಗೆ ತುಂಬಾ ಇಷ್ಟ ಆಗಿತ್ತು. ಅದರಲ್ಲಿ ಏನೂ ಕೈತಪ್ಪುವುದಿಲ್ಲ. ಬಿಟ್ಟೆ.

ಏನು ತೋರಿಸಬಾರದು

ಓತಿಯನ್ನು ತೋರಿಸಬಾರದು. ಇದು ನನ್ನ ಗಟ್ಟಿ ಅಭಿಪ್ರಾಯ. ಕಾದಂಬರಿಯ ಅಷ್ಟೂ ಜನ ಅದನ್ನು ಹುಡುಕಿಕೊಂಡು ಕಾಡು ಅಲೆಯುತ್ತಾರೆ. ಟೈಟಲ್‌ನಲ್ಲೇ ಅದು ರೆಕ್ಕೆ ಬಿಚ್ಚಿ ನಿಂತರೆ ಮುಂದಿನ ಎರಡು ಗಂಟೆ ಯಾರು ಯಾಕೆ ಹುಡುಕಬೇಕು?

ಆದರೆ ಅದು ಇಲ್ಲದೆಯೂ ಆಗುವುದಿಲ್ಲ. ಅದಕ್ಕೆ ನೆರಳು. ಓತಿ ಎಲ್ಲೋ ಮೇಲೆ ತೇಲುತ್ತಿದೆ. ನಮಗೆ ಕಾಣುವುದು ಕಾಫಿ ಎಲೆ, ಜೇನುಪೆಟ್ಟಿಗೆಯ ಮುಚ್ಚಳ, ತೆರೆದಿಟ್ಟ ನೋಟ್‌ಬುಕ್ಕು, ಮಲಗಿದ ನಾಯಿಯ ಬೆನ್ನು ಇವುಗಳ ಮೇಲೆ ಸರಿದುಹೋಗುವ ಒಂದು ಆಕಾರ. ಏನದು ಅಂತ ಗೊತ್ತಾಗುವ ಮೊದಲೇ ಹೋಯಿತು. ನಮ್ಮ ಸಾಲಿಗೆ ಸರಿಯಾಗಿ ಕೂರುತ್ತದೆ, ಅಲ್ವಾ?

ನಿಮ್ಮ ಕಾದಂಬರಿಗೂ ಇದೇ ಪ್ರಶ್ನೆ ಕೇಳಿ. ಓದುಗ ಯಾವುದಕ್ಕಾಗಿ ಪುಟ ತಿರುಗಿಸುತ್ತಾನೋ ಅದನ್ನು ಮುಚ್ಚಿಡಿ. ಅದರ ಗುರುತನ್ನು ಮಾತ್ರ ಬಿಡಿ. ಕಾಲಿನ ಸದ್ದು, ಖಾಲಿ ಕುರ್ಚಿ, ಒಗೆದು ಹಾಕಿದ ಸೀರೆ, ಏನಾದರೂ.

ಜಾಗಕ್ಕೆ ಹೋಗಿ ಬನ್ನಿ

ಇಂಟರ್‌ನೆಟ್‌ನಿಂದ ಇಳಿಸಿದ ಫೋಟೋಗಳಲ್ಲಿ ಎಲ್ಲ ಕಾಡೂ ಒಂದೇ. ಕಾದಂಬರಿ ನಡೆಯುವ ಮೂಡಿಗೆರೆ ಕಡೆ ಎರಡು ದಿನ ಇದ್ದು ಬನ್ನಿ. ಕಾಫಿ ತೋಟದ ನೆರಳು ಮರಗಳ ತೊಗಟೆ ನೋಡಿ. ಮಳೆಗಾಲದಲ್ಲಿ ಅದರ ಮೇಲೆ ಪಾಚಿ, ಬೇಸಿಗೆಯಲ್ಲಿ ಬೂದು ಬಣ್ಣದ ಕಲ್ಲುಹೂವಿನ ತೇಪೆಗಳು. ಹಾರುವ ಓತಿ ಇದರ ಮೇಲೆ ಕೂತರೆ ಮುಖಕ್ಕೆ ಮುಖ ಇದ್ದರೂ ಕಾಣುವುದಿಲ್ಲ. ತೊಗಟೆಯ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದುಕೊಳ್ಳಿ. ಒಂದು ಮರಕ್ಕೆ ಹತ್ತು ಹಾಳೆ. ಇವನ್ನು ಸ್ಕ್ಯಾನ್ ಮಾಡಿದರೆ ನಿಮ್ಮ ಹಿನ್ನೆಲೆಗೆ ಯಾವ ಸಾಫ್ಟ್‌ವೇರೂ ಕೊಡದ ಮೇಲ್ಮೈ ಸಿಗುತ್ತದೆ.

ಸದ್ದೂ ಅಲ್ಲೇ ಹಿಡಿಯಿರಿ. ಫೋನ್ ಸಾಕು. ತುಡುವೆ ಜೇನಿನ ಪೆಟ್ಟಿಗೆಗೆ ಒಂದಡಿ ದೂರದ ಗುಂಯ್‌ಗುಟ್ಟುವಿಕೆ, ಜೀರುಂಡೆ, ಬೆಳಗಿನ ಜಾವದ ಸಿಳ್ಳಾರ, ಎಲೆಯಿಂದ ಎಲೆಗೆ ಬೀಳುವ ನೀರು. ಪೆಟ್ಟಿಗೆಯ ಹತ್ತಿರ ಹೋಗುವ ಮುಂಚೆ ಅದರ ಯಜಮಾನರನ್ನು ಕೇಳಿ, ಅವರ ಜೊತೆಯಲ್ಲೇ ಹೋಗಿ.

ಬಣ್ಣ ಒಂದೇ

ನಾನು ಇಡೀ ಟೈಟಲನ್ನು ಕಪ್ಪು ಶಾಯಿ, ತೊಗಟೆಯ ಬೂದು, ಅದರ ಮೇಲೆ ಒಂದೇ ಒಂದು ಹಳದಿ, ಇಷ್ಟರಲ್ಲೇ ಮಾಡುತ್ತೇನೆ. ಹಳದಿ ಯಾಕೆ? ಜೇನು ಹಳದಿ. ಪಶ್ಚಿಮಘಟ್ಟದ ಹಾರುವ ಓತಿಯ ಗಂಡಿಗೆ ಗಂಟಲ ಕೆಳಗೆ ಒಂದು ಮಡಿಸುವ ಚೀಲ ಇರುತ್ತದೆ. ತೊಗಟೆಯ ಬಣ್ಣದ ಪ್ರಾಣಿ ಥಟ್ಟನೆ ಆ ಚೀಲ ಚಾಚಿದರೆ ಅದೂ ಹಳದಿ. ಕಾದಂಬರಿ ಜೇನಿನಿಂದ ಶುರುವಾಗಿ ಓತಿಯಲ್ಲಿ ಮುಗಿಯುತ್ತದೆ. ಎರಡರ ನಡುವೆ ಈ ಒಂದು ಬಣ್ಣ ದಾರದ ಹಾಗೆ ಸಾಗುತ್ತದೆ. ನೋಡುವವರಿಗೆ ಇದು ಗೊತ್ತಾಗಲೇಬೇಕು ಅಂತೇನಿಲ್ಲ.

ಇಲ್ಲಿ ಮೂರು ಸ್ಟೈಲ್ ಫ್ರೇಮ್ ಮಾಡಿ. ಅಂದರೆ ಟೈಟಲ್‌ನ ಮೂರು ಕ್ಷಣಗಳನ್ನು ಕೊನೆಯ ರೂಪದಲ್ಲೇ, ಅಕ್ಷರ ಸಮೇತ, ಪೂರ್ತಿ ಬಣ್ಣದಲ್ಲಿ. ನಿರ್ದೇಶಕರಿಗೆ ಇವನ್ನು ತೋರಿಸಿ ಒಪ್ಪಿಗೆ ಪಡೆದ ಮೇಲೆಯೇ ಮುಂದಕ್ಕೆ ಹೋಗಿ. ಈ ಹಂತದಲ್ಲಿ ಬೇಡ ಅಂದರೆ ಒಂದು ವಾರದ ಕೆಲಸ ಹೋಗುತ್ತದೆ. ಅನಿಮೇಷನ್ ಮುಗಿದ ಮೇಲೆ ಬೇಡ ಅಂದರೆ ಎರಡು ತಿಂಗಳು.

ಹೆಸರುಗಳ ಲೆಕ್ಕ

ಸ್ಟೋರಿಬೋರ್ಡ್ (ಶಾಟ್ ಒಂದೊಂದನ್ನೂ ತೋರಿಸುವ ಚಿತ್ರಗಳ ಸಾಲು) ಬರೆಯುವ ಮುಂಚೆ ಹೆಸರಿನ ಪಟ್ಟಿ ಕೈಯಲ್ಲಿರಬೇಕು. ಟೈಟಲ್ ಇರುವುದೇ ಹೆಸರಿಗಾಗಿ. ಚಿತ್ರ ಮಾಡಿ ಆಮೇಲೆ ಹೆಸರು ತುರುಕಿದರೆ ಎರಡೂ ಕೆಡುತ್ತವೆ.

ತೆರೆಯ ಮೇಲೆ ಒಂದು ಸಲಕ್ಕೆ ಬರುವ ಬರಹವನ್ನು ಕಾರ್ಡ್ ಅನ್ನುತ್ತೇವೆ. ನಮ್ಮ ಪಟ್ಟಿಯಲ್ಲಿ 12 ಕಾರ್ಡ್ ಇವೆ ಅಂತ ಇಟ್ಟುಕೊಳ್ಳಿ. ಒಂದೊಂದೇ ಹೆಸರಿನ 8 ಕಾರ್ಡಿಗೆ ತಲಾ 3 ಸೆಕೆಂಡು, 24. ಇಬ್ಬಿಬ್ಬರು ನಟರ 3 ಕಾರ್ಡಿಗೆ ತಲಾ 4, 12. ಚಿತ್ರದ ಹೆಸರಿಗೆ 6. ಒಟ್ಟು 42 ಸೆಕೆಂಡು. ಅರವತ್ತರಲ್ಲಿ ಉಳಿದದ್ದು 18. ಬರೀ ಚಿತ್ರಕ್ಕೆ ಸಿಗುವ ಜಾಗ ಇಷ್ಟೇ. ಇದು ಮೊದಲೇ ಗೊತ್ತಿದ್ದರೆ ಆಸೆಗೆ ಕಡಿವಾಣ ಇರುತ್ತದೆ.

ಮೂರು ಸೆಕೆಂಡು ಸಾಕಾ ಅಂತ ನೋಡಲು ಹೆಸರನ್ನು ಬಾಯಿಬಿಟ್ಟು, ಆತುರ ಇಲ್ಲದೆ ಓದಿ. ಊರು, ತಂದೆ, ಮನೆತನ ಎಲ್ಲ ಸೇರಿದ ಕನ್ನಡದ ಹೆಸರುಗಳು ಉದ್ದ. ಬಾಯಲ್ಲಿ ಓದಿ ಮುಗಿದ ಮೇಲೂ ಒಂದು ಉಸಿರು ಮಿಕ್ಕಿರಬೇಕು.

ಶಾಟ್‌ಗಳು

ಈಗ ಸೆಕೆಂಡಿನ ಮೇಲೆ ಚಿತ್ರ ಕೂರಿಸೋಣ.

0–8: ಜೇನಿನ ಹನಿಯ ಕ್ಲೋಸಪ್. ಉದ್ದವಾಗುತ್ತಿದೆ, ಬೀಳುತ್ತಿಲ್ಲ. ಹನಿಯೊಳಗೆ ಕಾಡು ತಲೆಕೆಳಗಾಗಿ ಕಾಣುತ್ತದೆ. ನಿರ್ಮಾಣ ಸಂಸ್ಥೆಯ ಹೆಸರು. ಎಂಟನೇ ಸೆಕೆಂಡಿಗೆ ಹನಿ ಕಡಿಯುತ್ತದೆ.

8–22: ಹನಿ ಬಿದ್ದ ತೊಗಟೆ. ಅಲ್ಲಿಂದ ಕ್ಯಾಮೆರಾ ಮರದ ಮೇಲಕ್ಕೆ ಏರುತ್ತದೆ. ಕಲ್ಲುಹೂವಿನ ತೇಪೆಗಳ ನಡುವಿನ ಖಾಲಿ ಜಾಗದಲ್ಲಿ ನಟರ ಮೂರು ಕಾರ್ಡ್.

22–38: ನೋಟ್‌ಬುಕ್ಕಿನ ಹಾಳೆಗಳು. ಹುಳುವಿನ ರೆಕ್ಕೆ, ಮೀಸೆ, ಎಲೆಯ ನರ. ಗೆರೆಗಳು ತಾವಾಗಿಯೇ ಬರೆದುಕೊಳ್ಳುತ್ತವೆ. ಪ್ರತಿ ಚಿತ್ರವೂ ಪೂರ್ತಿಯಾಗುವ ಮೊದಲೇ ಹಾಳೆ ಮಗುಚುತ್ತದೆ. ಸಂಗೀತ, ಛಾಯಾಗ್ರಹಣ, ಸಂಕಲನ, ಚಿತ್ರಕಥೆ.

38–46: ಎಲ್ಲ ಸದ್ದೂ ನಿಲ್ಲುತ್ತದೆ. ಮತ್ತೆ ತೊಗಟೆ. ಏನೂ ಆಗುತ್ತಿಲ್ಲ. ನಿರ್ಮಾಪಕರ ಹೆಸರು, ಕಾದಂಬರಿಯ ಹೆಸರು. ಕೊನೆಯಲ್ಲಿ ತೊಗಟೆಯ ಒಂದು ತೇಪೆ ಉಸಿರಾಡಿದ ಹಾಗೆ ಇಷ್ಟೇ ಇಷ್ಟು ಅಲುಗುತ್ತದೆ.

46–50: ನೆರಳು. ಹೆಸರು ಇಲ್ಲ.

50–56: ನೆರಳು ಹೋದ ದಾರಿಯಲ್ಲಿ ‘ಕರ್ವಾಲೋ’.

56–60: ಖಾಲಿ ಕಣಿವೆ. ನಿರ್ದೇಶಕರ ಹೆಸರು.

38ರಿಂದ 46ರವರೆಗಿನ ಮೌನವನ್ನು ಯಾರಾದರೂ ಕತ್ತರಿಸಿ ಅನ್ನುತ್ತಾರೆ. ಖಂಡಿತ ಅನ್ನುತ್ತಾರೆ. ಬಿಡಬೇಡಿ. ಆ ಎಂಟು ಸೆಕೆಂಡು ಕಾದವರಿಗೆ ಮಾತ್ರ ಮುಂದಿನ ನಾಲ್ಕು ಸೆಕೆಂಡು ಮೈ ಜುಮ್ಮೆನ್ನಿಸುತ್ತದೆ.

ನಾಲ್ಕು ಸೆಕೆಂಡಿನ ನೆರಳು, ಹತ್ತಿರದಿಂದ

ಈ ತುಣುಕಿನ ಮೇಲೆ ಬಾಕಿ ಎಲ್ಲದಕ್ಕಿಂತ ಜಾಸ್ತಿ ಸಮಯ ಹಾಕಿ.

ಹಾರುವ ಓತಿ ನಿಜಕ್ಕೂ ಹಾರುವುದಿಲ್ಲ, ತೇಲುತ್ತದೆ. ಅದಕ್ಕೆ ಬಡಿಯುವ ರೆಕ್ಕೆ ಇಲ್ಲ. ಪಕ್ಕೆಲುಬುಗಳು ಉದ್ದ ಬೆಳೆದು ಎರಡು ಕಡೆಯ ಚರ್ಮವನ್ನು ಕೊಡೆಯ ಕಡ್ಡಿಗಳ ಹಾಗೆ ಬಿಡಿಸಿ ಹಿಡಿಯುತ್ತವೆ. ಮರದಿಂದ ನೆಗೆದಾಗ ಮೊದಲು ತಲೆಕೆಳಗಾಗಿ ಕಡಿದಾಗಿ ಬೀಳುತ್ತದೆ. ಬೀಳುತ್ತಲೇ ಪೊರೆ ಬಿಚ್ಚಿಕೊಳ್ಳುತ್ತದೆ. ಮುಂಗೈಗಳನ್ನು ಹಿಂದಕ್ಕೆ ತಂದು ಪೊರೆಯ ಅಂಚನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ದಾರಿ ಚಪ್ಪಟೆಯಾಗುತ್ತದೆ. ಇನ್ನೊಂದು ಮರ ತಲುಪುವ ಮುಂಚೆ ಒಮ್ಮೆ ಮೇಲಕ್ಕೆದ್ದು, ವೇಗ ಕಳೆದುಕೊಂಡು, ತಲೆ ಮೇಲಾಗಿ ಕಾಂಡಕ್ಕೆ ಅಂಟುತ್ತದೆ.

ಇದನ್ನು ಫ್ರೇಮಿಗೆ ತನ್ನಿ. ಸೆಕೆಂಡಿಗೆ 24 ಫ್ರೇಮ್ ಆದರೆ ನಾಲ್ಕು ಸೆಕೆಂಡಿಗೆ 96. ಬೀಳುವುದಕ್ಕೆ 14, ತೇಲುವುದಕ್ಕೆ 58, ಮೇಲೇಳುವುದಕ್ಕೆ 16, ಅಂಟಿ ನಿಲ್ಲುವುದಕ್ಕೆ 8. ಬೀಳುವಾಗ ಮತ್ತು ಮೇಲೇಳುವಾಗ ಪ್ರತಿ ಫ್ರೇಮಿಗೂ ಹೊಸ ಚಿತ್ರ. ತೇಲುವಾಗ ಎರಡು ಫ್ರೇಮಿಗೊಂದು ಸಾಕು. ನಿಲ್ಲುವುದಕ್ಕೆ ಒಂದೇ. ಒಟ್ಟು 60 ಚಿತ್ರ. ಎಲ್ಲವನ್ನೂ ಒಂದೇ ವೇಗದಲ್ಲಿ ಸರಿಸಿದರೆ ಅದು ಡ್ರೋನ್ ನೆರಳಾಗುತ್ತದೆ. ಆ 14 ಫ್ರೇಮಿನ ಬೀಳುವಿಕೆಯೇ ಜೀವ.

ನೆರಳಿಗೆ ಇನ್ನೂ ಒಂದು ಗುಟ್ಟಿದೆ. ವಸ್ತು ನೆಲಕ್ಕೆ ಹತ್ತಿರ ಇದ್ದರೆ ನೆರಳಿನ ಅಂಚು ಚೂಪು, ದೂರ ಇದ್ದರೆ ಮಬ್ಬು. ಬಿಸಿಲಿನಲ್ಲಿ ಆ ಮಬ್ಬಿನ ಅಗಲ ಸುಮಾರಾಗಿ ಎತ್ತರದ ನೂರರಲ್ಲೊಂದು ಭಾಗ. ಓತಿ ಬಾಲ ಸೇರಿ ಒಂದು ಗೇಣು. ಅದು 10 ಮೀಟರ್ ಮೇಲಿದ್ದರೆ ಮಬ್ಬೇ ಹತ್ತು ಸೆಂಟಿಮೀಟರಿನ ಹತ್ತಿರ ಇರುತ್ತದೆ. ಆಗ ಕಾಣುವುದು ಆಕಾರ ಅಲ್ಲ, ಬರೀ ಕಲೆ. ಒಂದು ಮೀಟರಿಗೆ ಇಳಿದಾಗ ಮಬ್ಬು ಒಂದು ಸೆಂಟಿಮೀಟರಿನಷ್ಟೇ, ಆಕಾರ ತಿಳಿಯುತ್ತದೆ. ಆದ್ದರಿಂದ ಎಲೆಗಳ ಮೇಲೆ ಮಬ್ಬು ಕಲೆಯಾಗಿ ಶುರು ಮಾಡಿ. ಪೆಟ್ಟಿಗೆಯ ಮುಚ್ಚಳದ ಮೇಲೆ ಸ್ವಲ್ಪ ಸ್ಪಷ್ಟ. ನೋಟ್‌ಬುಕ್ಕಿನ ಬಿಳಿ ಹಾಳೆಯ ಮೇಲೆ, ಆರೇಳು ಫ್ರೇಮ್ ಮಾತ್ರ, ಪೂರ್ತಿ ಆಕಾರ. ನಾಯಿಯ ಬೆನ್ನಿನ ಮೇಲೆ ಮತ್ತೆ ಮಬ್ಬು. ನಾಯಿಯ ಬೆನ್ನು ದುಂಡಗಿದೆ, ಹಾಗಾಗಿ ನೆರಳೂ ಬಗ್ಗಬೇಕು. ನಾಯಿಯ ಕಿವಿ ಒಮ್ಮೆ ನಿಮಿರಲಿ, ಕಣ್ಣು ತೆರೆಯುವಷ್ಟರಲ್ಲಿ ನೆರಳು ದಾಟಿಹೋಗಿರಲಿ.

ಪಶ್ಚಿಮಘಟ್ಟದ ಅಡಿಕೆ ತೋಟಗಳಲ್ಲಿ ಈ ಓತಿ ಸಿಗುತ್ತದೆ. ಒಂದು ಮಧ್ಯಾಹ್ನ ಕಾಯುವ ತಾಳ್ಮೆ ಇದ್ದರೆ ನೀವೇ ನೋಡಬಹುದು. ಹಿಡಿಯಲು ಹೋಗಬೇಡಿ, ನೋಡಿ ಬನ್ನಿ.

ಕನ್ನಡದ ಅಕ್ಷರ

ಟೈಟಲ್ ಡಿಸೈನ್ ಬಗ್ಗೆ ಸಿಗುವ ಪಾಠಗಳೆಲ್ಲ ಇಂಗ್ಲಿಷ್ ಅಕ್ಷರ ಇಟ್ಟುಕೊಂಡು ಮಾಡಿದವು. ಅಲ್ಲಿ ಅಕ್ಷರಗಳು ಒಂದರ ಪಕ್ಕ ಒಂದು ಇಟ್ಟಿಗೆಯ ಹಾಗೆ ಕೂರುತ್ತವೆ. ನಮ್ಮಲ್ಲಿ ಹಾಗಲ್ಲ. ‘ಕರ್ವಾಲೋ’ ಪದವನ್ನೇ ನೋಡಿ. ‘ರ್’ ಉಚ್ಚಾರದಲ್ಲಿ ‘ವಾ’ಗಿಂತ ಮುಂಚೆ, ಬರಹದಲ್ಲಿ ಅರ್ಕಾವೊತ್ತಾಗಿ ಅದರ ನಂತರ. ‘ಲೋ’ದಲ್ಲಿ ‘ಲ’ಕ್ಕೆ ಒತ್ವ ಸೇರುತ್ತದೆ, ಪಕ್ಕದಲ್ಲಿ ದೀರ್ಘ. ಸಾಫ್ಟ್‌ವೇರಿಗೆ ‘ಅಕ್ಷರಗಳನ್ನು ಒಂದೊಂದಾಗಿ ತಾ’ ಅಂದರೆ ಅದು ಈ ಭಾಗಗಳನ್ನು ಬಿಡಿಸಿ ಹಾಕುತ್ತದೆ.

ನನ್ನ ಮೊದಲ ಕೆಲಸಗಳಲ್ಲಿ ಒಂದರಲ್ಲಿ ಇದೇ ಆಯಿತು. ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿದ್ದ ಹೆಸರು ಇನ್ನೊಂದು ಕಂಪ್ಯೂಟರಿನಲ್ಲಿ ರೆಂಡರ್ ಆದಾಗ, ಅಂದರೆ ಕೊನೆಯ ವೀಡಿಯೋ ಆಗಿ ಹೊರಬಂದಾಗ, ಒತ್ತು ಹರಿದುಹೋಗಿತ್ತು. ‘ಲಕ್ಷ್ಮಿ’ ಇದ್ದದ್ದು ದೊಡ್ಡ ತೆರೆಯ ಮೇಲೆ ‘ಲಕ್‌ಷ್‌ಮಿ’ ಆಗಿ ಬಂತು. ಆ ಹೆಸರಿನವರು ಮನೆಯವರನ್ನೆಲ್ಲ ಕರೆದುಕೊಂಡು ಬಂದಿದ್ದರು. ಅವರು ಏನೂ ಅನ್ನಲಿಲ್ಲ. ನನಗೆ ಅದು ಇವತ್ತಿಗೂ ಚುಚ್ಚುತ್ತದೆ.

ಆವತ್ತಿನಿಂದ ನಾನು ಪಾಲಿಸುವ ಕ್ರಮ ಹೀಗೆ. ಹೆಸರುಗಳ ಪಟ್ಟಿಯನ್ನು ಯೂನಿಕೋಡ್‌ನಲ್ಲೇ ಕೇಳಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಬಂದರೆ ಪರಿವರ್ತಿಸಿ, ಆಮೇಲೆ ಒಂದೊಂದು ಅಕ್ಷರವನ್ನೂ ಮೂಲದ ಜೊತೆ ತಾಳೆ ನೋಡಿ. ಆಫ್ಟರ್ ಎಫೆಕ್ಟ್ಸ್ ಬಳಸುವವರು, ನಿಮ್ಮ ಆವೃತ್ತಿಯಲ್ಲಿ ಆಯ್ಕೆ ಇದ್ದರೆ, ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಟೆಕ್ಸ್ಟ್ ಎಂಜಿನ್ನನ್ನು ‘ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್’ಗೆ ಬದಲಿಸಿಕೊಳ್ಳಿ. ಬ್ಲೆಂಡರ್‌ನವರು ಅದರ ಟೆಕ್ಸ್ಟ್ ಆಬ್ಜೆಕ್ಟನ್ನು ನಂಬಿ ಕೂರಬೇಡಿ. ಇಂಕ್‌ಸ್ಕೇಪ್‌ನಲ್ಲಿ ಬರೆದು, ಪಾತ್ (ಗೆರೆಗಳ ಆಕಾರ) ಮಾಡಿ, ಎಸ್‌ವಿಜಿ ಆಗಿ ತಂದುಕೊಳ್ಳಿ. ಯಾವುದೇ ಸಾಫ್ಟ್‌ವೇರ್ ಆಗಲಿ, ಹೆಸರು ಸರಿ ಇದೆ ಅಂತ ಖಾತ್ರಿಯಾದ ಮೇಲೆ ಅಕ್ಷರವನ್ನು ಆಕಾರವಾಗಿ ಬದಲಿಸಿಬಿಡಿ. ಆಮೇಲೆ ಅದು ಫಾಂಟಿನ ಮರ್ಜಿಯಲ್ಲಿ ಇರುವುದಿಲ್ಲ.

ಹೆಸರುಗಳಿಗೆ ಸರಳ ಫಾಂಟ್ ಸಾಕು. ನೋಟೋ ಸಾನ್ಸ್ ಕನ್ನಡ, ತಿರೋ ಕನ್ನಡ, ಬೆಣ್ಣೆ, ಹುಬ್ಬಳ್ಳಿ ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಸಿನಿಮಾದಲ್ಲಿ ಬಳಸಲು ತೊಂದರೆ ಇಲ್ಲ. ಈ ಕೆಲಸಕ್ಕೆ ನಾನು ತಿರೋ ಆರಿಸುತ್ತೇನೆ. ಅದರಲ್ಲಿ ಹಳೆಯ ಪುಸ್ತಕದ ಅಚ್ಚಿನ ಗುಣ ಇದೆ. ಅಕ್ಷರ ತೀರಾ ಚಿಕ್ಕದು ಮಾಡಬೇಡಿ. ನಮ್ಮ ಒತ್ತುಗಳು ಕೆಳಗೆ ಇಳಿಯುತ್ತವೆ, ಗುಡಿಸು ಮೇಲೆ ಏರುತ್ತದೆ. ಎರಡು ಸಾಲಿನ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬೇಕು.

ಚಿತ್ರದ ಹೆಸರನ್ನು ಮಾತ್ರ ಕೈಯಲ್ಲೇ ಬರೆಯಿರಿ. ಅದರ ಭಾಗಗಳನ್ನು ನಮ್ಮ ಚಲನೆಗೆ ಹೊಂದಿಸಿ. ‘ಕ’ದ ತಲೆಕಟ್ಟು ಒಂದು ಕೊಂಬೆಯ ಹಾಗೆ ಮೊದಲು ಮೂಡಲಿ. ಅದರಿಂದ ಗೆರೆ ಕೆಳಗೆ ಬಿದ್ದು ‘ಕ’ ಆಗಲಿ. ‘ವಾ’ದ ಹೊಟ್ಟೆ ಪೊರೆಯಂತೆ ಬಿಚ್ಚಿಕೊಳ್ಳಲಿ. ಅರ್ಕಾವೊತ್ತು ತೇಲಿ ಬಂದು ಅದರ ಬಲಕ್ಕೆ ಕೂರಲಿ. ‘ಲೋ’ದ ಕೊನೆಯ ದೀರ್ಘ ಇದೆಯಲ್ಲ, ಸುತ್ತಿಕೊಂಡ ಆ ಬಾಲ, ಅದು ಎಲ್ಲಕ್ಕಿಂತ ಕೊನೆಗೆ ಬರಲಿ. ಬಂದು ನಿಂತ ಮೇಲೆ ಆರು ಫ್ರೇಮ್ ಹಳದಿಯಾಗಿ ಮಿಂಚಿ ಮತ್ತೆ ಕಪ್ಪಾಗಲಿ. ಆರೇ ಫ್ರೇಮ್. ಗಂಟಲ ಚೀಲ ಬಿಚ್ಚಿ ಮಡಿಸಿದಷ್ಟು ಹೊತ್ತು.

ಅನಿಮ್ಯಾಟಿಕ್

ಸ್ಟೋರಿಬೋರ್ಡಿನ ಚಿತ್ರಗಳನ್ನು ಅದೇ ಅಳತೆಯ ಸಮಯಕ್ಕೆ ಜೋಡಿಸಿ, ನೀವು ಹಿಡಿದು ತಂದ ಸದ್ದು ಹಾಕಿ, ಹೆಸರುಗಳನ್ನೂ ಇಟ್ಟು ಒಂದು ಕಚ್ಚಾ ವೀಡಿಯೋ ಮಾಡಿ. ಗೆರೆ ಎಷ್ಟು ಒರಟಾಗಿದ್ದರೂ ಪರವಾಗಿಲ್ಲ, ಸಮಯ ಮಾತ್ರ ನಿಜ ಇರಬೇಕು. ಸಂಗೀತ ನಿರ್ದೇಶಕರಿಗೆ ಇದನ್ನೇ ಕೊಡಿ. ಅವರಿಗೆ ಮೂರು ಗುರುತು ಹೇಳಿದರೆ ಸಾಕು: ಎಂಟನೇ ಸೆಕೆಂಡಿಗೆ ಹನಿ, ಮೂವತ್ತೆಂಟಕ್ಕೆ ಮೌನ, ನಲವತ್ತಾರಕ್ಕೆ ನೆಗೆತ. ಉಳಿದದ್ದು ಅವರ ಸ್ವಾತಂತ್ರ್ಯ.

ಕಾದಂಬರಿ ಓದಿದ ಒಬ್ಬರಿಗೆ, ಓದದ ಒಬ್ಬರಿಗೆ ತೋರಿಸಿ. ಹೇಗಿದೆ ಅಂತ ಕೇಳಬೇಡಿ, ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ‘ಏನು ನೋಡಿದಿರಿ’ ಅಂತ ಕೇಳಿ. ಓದದವರು ‘ಏನೋ ಹೋಯಿತು, ಏನು ಅಂತ ಗೊತ್ತಾಗಲಿಲ್ಲ’ ಅಂದರೆ ನಾವು ಗೆದ್ದೆವು. ‘ಹಲ್ಲಿ’ ಅಂದರೆ ನೋಟ್‌ಬುಕ್ಕಿನ ಮೇಲಿನ ಫ್ರೇಮುಗಳನ್ನು ಕಡಿಮೆ ಮಾಡಿ.

ದಿನಗಳ ಲೆಕ್ಕ

ಅರವತ್ತು ಸೆಕೆಂಡು ಅಂದರೆ 1440 ಫ್ರೇಮ್. ಎಲ್ಲವನ್ನೂ ಎರಡು ಫ್ರೇಮಿಗೊಂದರಂತೆ ಬರೆದರೂ 720 ಚಿತ್ರ. ಅದಕ್ಕೇ ನಾವು ಹನಿ, ತೊಗಟೆ, ಹಾಳೆ ಅಂತ ನಿಧಾನದ ಶಾಟ್‌ಗಳನ್ನು ಇಟ್ಟುಕೊಂಡದ್ದು. ತೊಗಟೆಯ ಶಾಟಿನಲ್ಲಿ ಉದ್ದನೆಯ ಒಂದೇ ಚಿತ್ರ, ಚಲಿಸುವುದು ಕ್ಯಾಮೆರಾ. ಕೈ ನೋಯುವ ಕೆಲಸ ಹನಿ, ನೆರಳು ಮತ್ತು ಅಕ್ಷರಕ್ಕೆ ಮಾತ್ರ. ಮೂವರು ಇದ್ದರೆ ಓದು ಮತ್ತು ಓಡಾಟಕ್ಕೆ ಎರಡು ವಾರ, ಸ್ಟೈಲ್ ಫ್ರೇಮಿಗೆ ಒಂದು, ಬೋರ್ಡ್ ಮತ್ತು ಅನಿಮ್ಯಾಟಿಕ್‌ಗೆ ಒಂದೂವರೆ, ಅನಿಮೇಷನ್‌ಗೆ ಮೂರು, ಜೋಡಣೆ ಮತ್ತು ತಿದ್ದುಪಡಿಗೆ ಒಂದು. ಎಂಟೂವರೆ ವಾರ. ತಿದ್ದುಪಡಿ ಎಷ್ಟು ಸಲ ಅಂತ ಮೊದಲೇ ಬರೆದು ಸಹಿ ಹಾಕಿಸಿಕೊಳ್ಳಿ. ಎರಡು ಸಲ ನ್ಯಾಯ.

ಕೊಡುವ ಮುಂಚೆ

ಥಿಯೇಟರಿಗೆ 24 ಫ್ರೇಮ್, ಟಿವಿಗೆ 25. ಯಾವುದು ಅಂತ ಮೊದಲ ದಿನವೇ ಕೇಳಿಕೊಂಡಿರಬೇಕು. 1920 × 1080 ಅಳತೆಯಲ್ಲಿ ಹೆಸರುಗಳು ಅಂಚಿನಿಂದ ಎಡಬಲ 96 ಪಿಕ್ಸೆಲ್, ಮೇಲೆ ಕೆಳಗೆ 54 ಪಿಕ್ಸೆಲ್ ಬಿಟ್ಟು ಒಳಗೇ ಇರಲಿ. ಹೆಸರುಗಳಿಲ್ಲದ ಒಂದು ಪ್ರತಿಯನ್ನೂ ರೆಂಡರ್ ಮಾಡಿ ಕೊಡಿ. ಬೇರೆ ಭಾಷೆಗೆ ಹೋದಾಗ ಬೇಕಾಗುತ್ತದೆ. ಫೋನಿನ ಪುಟ್ಟ ತೆರೆಯಲ್ಲಿ ಒಮ್ಮೆ ನೋಡಿ, ಮೌನದ ಭಾಗದಲ್ಲಿ ತೊಗಟೆ ಬರೀ ಕಪ್ಪಾಗಿ ಕಂಡರೆ ಸ್ವಲ್ಪ ಬೆಳಕು ಏರಿಸಿ.

ಕೊನೆಗೆ, ಕೊನೆಯ ರೆಂಡರಿನಿಂದಲೇ ಹನ್ನೆರಡು ಕಾರ್ಡ್‌ಗಳ ಚಿತ್ರ ತೆಗೆದು ಕಾಗದದ ಮೇಲೆ ಪ್ರಿಂಟ್ ಹಾಕಿ. ಈ ಕೆಲಸದಲ್ಲಿ ಇಲ್ಲದ ಒಬ್ಬರ ಕೈಗೆ ಕೊಟ್ಟು ಜೋರಾಗಿ ಓದಿಸಿ. ಆಮೇಲೆ ಪ್ರತಿಯೊಬ್ಬರಿಗೂ ಅವರವರ ಕಾರ್ಡನ್ನು ಫೋನಿಗೆ ಕಳಿಸಿ, ‘ನಿಮ್ಮ ಹೆಸರು ಹೀಗೇ ತಾನೇ ಬರೆಯುವುದು?’ ಅಂತ ಕೇಳಿ. ‘ಹೌದು’ ಅನ್ನುವ ಉತ್ತರ ಎಲ್ಲರಿಂದ ಬರುವ ತನಕ ಫೈಲ್ ಕಳಿಸಬೇಡಿ.